ತುಮಕೂರಿನಿಂದ ಮಾರಿಷಸ್‌ಗೆ ನೆಲೆ ಬದಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಲೆಕ್ಕಪತ್ರ ಮತ್ತು ಆದಾಯ ತೆರಿಗೆಯ ಕೆಲಸ ಮಾಡಿಕೊಂಡಿರುವ ನನ್ನ ಬಳಿಗೆ, ಕಳೆದ ಕೆಲವು ವರ್ಷಗಳಿಂದ, ಹೊರದೇಶದಲ್ಲಿ ನೆಲೆಸುವ ಯೋಚನೆ ಹೊತ್ತವರು ಬರುತ್ತಿದ್ದಾರೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಯುವಕರು, ನಿವೃತ್ತರಾದ ದಂಪತಿಗಳು, ತಿಪಟೂರಿನಲ್ಲಿ ತೆಂಗಿನ ತೋಟ ಇರುವವರು, ಪಾವಗಡದಲ್ಲಿ ಸೋಲಾರ್‌ಗೆ ಜಮೀನು ಗುತ್ತಿಗೆ ಕೊಟ್ಟವರು ಹೀಗೆ ಎಲ್ಲ ಬಗೆಯವರೂ ಇದ್ದಾರೆ. ಎಲ್ಲರೂ ಮೊದಲು ಕೇಳುವುದು ಆಚೆ ದಡದ ತೆರಿಗೆ ದರವನ್ನು. ನಾನು ಮೊದಲು ಕೇಳುವುದು ಅವರು ಈಚೆ ದಡದಲ್ಲಿ ಏನೇನು ಬಿಟ್ಟುಹೋಗುತ್ತಾರೆ ಎಂಬುದನ್ನು. ಮನೆ, ತೋಟ, ಬ್ಯಾಂಕ್ ಖಾತೆ ಮತ್ತು ಹೊರಡುವ ತಾರೀಕು, ಇವುಗಳಿಂದಲೇ ಅರ್ಧ ಲೆಕ್ಕ ತೀರ್ಮಾನವಾಗುತ್ತದೆ. ಹೆಚ್ಚಿನವರು ಮಾರಿಷಸ್ ಹೆಸರನ್ನೇ ಹೇಳುವುದರಿಂದ ಅದನ್ನೇ ಮುಂದಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ.

ಮಾರಿಷಸ್‌ನಲ್ಲಿ ನಿಜವಾಗಿಯೂ ತೆರಿಗೆ ಕಡಿಮೆಯೇ?

ಹೌದು, ಕಡಿಮೆ. ಆದರೆ ತೆರಿಗೆಯೇ ಇಲ್ಲದ ದೇಶ ಅದಲ್ಲ. 2025ರ ಜುಲೈ 1ರಿಂದ ಜಾರಿಗೆ ಬಂದ ದರದ ಪ್ರಕಾರ, ತೆರಿಗೆಗೆ ಒಳಪಡುವ ವಾರ್ಷಿಕ ಆದಾಯದಲ್ಲಿ ಮೊದಲ 5 ಲಕ್ಷ ಮಾರಿಷಸ್ ರೂಪಾಯಿಗೆ ತೆರಿಗೆ ಇಲ್ಲ, ನಂತರದ 5 ಲಕ್ಷಕ್ಕೆ ಶೇ. 10, ಅದರ ಮೇಲಿನದಕ್ಕೆ ಶೇ. 20. ಆಸ್ತಿ ಅಥವಾ ಷೇರು ಮಾರಿದ ಲಾಭದ ಮೇಲೆ ಬಂಡವಾಳ ಲಾಭ ತೆರಿಗೆ ಇಲ್ಲ, ಪಿತ್ರಾರ್ಜಿತವಾಗಿ ಬಂದ ಸ್ವತ್ತಿನ ಮೇಲೂ ತೆರಿಗೆ ಇಲ್ಲ. ಹೊರದೇಶದಲ್ಲಿ ಹುಟ್ಟಿದ ಆದಾಯವನ್ನು ವ್ಯಕ್ತಿಯೊಬ್ಬ ಮಾರಿಷಸ್‌ಗೆ ತರಿಸಿಕೊಂಡಾಗ ಮಾತ್ರ ಅಲ್ಲಿ ತೆರಿಗೆ ಬೀಳುತ್ತದೆ. ತರಿಸಿಕೊಳ್ಳದೆ ಹೊರಗೇ ಉಳಿಸಿದರೆ ಬೀಳುವುದಿಲ್ಲ. ಈ ಕೊನೆಯ ನಿಯಮವೇ ಬಹಳ ಜನರನ್ನು ಸೆಳೆಯುತ್ತದೆ.

ಅಂಗಡಿಯಲ್ಲಿ ಕೊಳ್ಳುವ ಬಹುತೇಕ ಸರಕಿನ ಮೇಲೆ ಶೇ. 15ರಷ್ಟು ಮೌಲ್ಯವರ್ಧಿತ ತೆರಿಗೆ ಇದೆ, ದ್ವೀಪವಾದ್ದರಿಂದ ಅನೇಕ ವಸ್ತುಗಳು ಹಡಗಿನಲ್ಲಿ ಬರಬೇಕು. ಆದಾಯ ತೆರಿಗೆಯಲ್ಲಿ ಉಳಿದದ್ದು ಸಂತೆ ಚೀಲದಲ್ಲಿ ಎಷ್ಟು ಹೋಗುತ್ತದೆ ಎಂಬುದನ್ನು, ಹೋಗಿ ಒಂದು ತಿಂಗಳು ಇದ್ದು ನೋಡಿ ಬರೆದಿಟ್ಟುಕೊಳ್ಳುವಂತೆ ನಾನು ಎಲ್ಲರಿಗೂ ಹೇಳುತ್ತೇನೆ.

ಪನಾಮ, ಮಲೇಷ್ಯಾ, ಥಾಯ್ಲೆಂಡ್ ಬಗ್ಗೆಯೂ ಕೇಳಿದ್ದೇವೆ. ಅವು ಇನ್ನೂ ಲಾಭವಲ್ಲವೇ?

ಮೂರೂ ಉಷ್ಣವಲಯದ ದೇಶಗಳೇ, ಆದರೆ ಮೂರರ ನಿಯಮವೂ ಬೇರೆ ಬೇರೆ. ಪನಾಮ ತನ್ನ ನೆಲದಲ್ಲಿ ಹುಟ್ಟಿದ ಆದಾಯಕ್ಕೆ ಮಾತ್ರ ತೆರಿಗೆ ಹಾಕುತ್ತದೆ, ಚಲಾವಣೆಯಲ್ಲಿ ಅಮೆರಿಕದ ಡಾಲರೇ ಇದೆ; ಆದರೆ ತುಮಕೂರಿನಲ್ಲಿ ವಯಸ್ಸಾದ ತಂದೆ ತಾಯಿಯನ್ನು ಬಿಟ್ಟುಹೋಗುವವರಿಗೆ ಆ ದೂರವೇ ದೊಡ್ಡ ಬೆಲೆ. ಮಲೇಷ್ಯಾ ತನ್ನ ನಿವಾಸಿ ವ್ಯಕ್ತಿಗಳಿಗೆ ಹೊರದೇಶದ ಆದಾಯದ ಮೇಲೆ ಕೊಟ್ಟಿರುವ ವಿನಾಯಿತಿಯನ್ನು 2036ರ ಅಂತ್ಯದವರೆಗೆ ವಿಸ್ತರಿಸಿದೆ. ಥಾಯ್ಲೆಂಡ್ 2024ರ ಜನವರಿ 1ರಿಂದ ನಿಯಮ ಬಿಗಿ ಮಾಡಿದೆ: ಅಲ್ಲಿ ವರ್ಷಕ್ಕೆ 180 ದಿನ ಇರುವವರು ಹೊರದೇಶದ ಗಳಿಕೆಯನ್ನು ಯಾವ ವರ್ಷ ಒಳಗೆ ತಂದರೂ ಈಗ ತೆರಿಗೆಗೆ ಸೇರುತ್ತದೆ, ಹಿಂದೆ ಒಂದು ವರ್ಷ ತಡೆದು ತಂದರೆ ಸೇರುತ್ತಿರಲಿಲ್ಲ. ಆ ಹಳೆಯ ನಿಯಮವನ್ನೇ ಇಂದಿಗೂ ಹೇಳಿ ಜನರನ್ನು ಒಪ್ಪಿಸುವ ಏಜೆಂಟರಿದ್ದಾರೆ, ಆದ್ದರಿಂದ ಈ ಮಾತನ್ನು ವಿಶೇಷವಾಗಿ ಬರೆಯುತ್ತಿದ್ದೇನೆ.

ಮಾರಿಷಸ್ ಜೊತೆ ನಮಗಿರುವ ಅನುಕೂಲ ಇನ್ನೊಂದು. ಒಂದೇ ಆದಾಯಕ್ಕೆ ಎರಡು ದೇಶದಲ್ಲಿ ತೆರಿಗೆ ಬೀಳದಂತೆ ನೋಡಿಕೊಳ್ಳುವ ಒಪ್ಪಂದ ಭಾರತ ಮತ್ತು ಮಾರಿಷಸ್ ನಡುವೆ 1982ರಲ್ಲೇ ಆಗಿದೆ, 2016ರಲ್ಲಿ ಅದು ತಿದ್ದುಪಡಿಯಾಗಿದೆ. ಆ ತಿದ್ದುಪಡಿಯ ಪರಿಣಾಮವಾಗಿ, 2017ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಭಾರತೀಯ ಕಂಪನಿಗಳ ಷೇರನ್ನು ಮಾರಿದರೆ ಬರುವ ಲಾಭಕ್ಕೆ ಭಾರತದಲ್ಲಿ ತೆರಿಗೆ ಕಟ್ಟಲೇಬೇಕು. ಮಾರಿಷಸ್‌ಗೆ ಹೋದರೆ ಷೇರಿನ ಲಾಭಕ್ಕೆ ತೆರಿಗೆಯೇ ಇಲ್ಲ ಎಂಬ ಮಾತು ಹೀಗೆ ಹಳತಾಯಿತು.

ನಾನು ಹೊರಟ ದಿನದಿಂದಲೇ ಭಾರತದ ತೆರಿಗೆ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಅತಿ ಹೆಚ್ಚು ತಪ್ಪು ನಡೆಯುವ ಜಾಗ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಭಾರತ ತೆರಿಗೆ ಹಾಕುವುದು ಪೌರತ್ವ ನೋಡಿ ಅಲ್ಲ, ಆ ವರ್ಷ ನೀವು ನಿವಾಸಿಯೋ ಅನಿವಾಸಿಯೋ ಎಂಬುದನ್ನು ನೋಡಿ. ಮತ್ತು ಅದನ್ನು ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಇಡೀ ವರ್ಷಕ್ಕೆ ಒಂದೇ ಸಲ ತೀರ್ಮಾನಿಸಲಾಗುತ್ತದೆ. 2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಜಾಗದಲ್ಲಿ 2025ರ ಆದಾಯ ತೆರಿಗೆ ಕಾಯಿದೆ ಬಂದಿದ್ದು, ಅದರಲ್ಲಿ ಈ ಅವಧಿಯನ್ನು ತೆರಿಗೆ ವರ್ಷ ಎಂದು ಕರೆಯಲಾಗಿದೆ. ದಿನ ಎಣಿಸುವ ಮೂಲ ಕ್ರಮ ಮಾತ್ರ ಹಿಂದಿನದೇ.

ಆ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನೀವು ನಿವಾಸಿ. ಅಷ್ಟಿಲ್ಲದಿದ್ದರೂ, ಆ ವರ್ಷ 60 ದಿನ ಮತ್ತು ಅದಕ್ಕೂ ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೆ ಆಗಲೂ ನಿವಾಸಿಯೇ. ಹುಟ್ಟಿನಿಂದ ಇಲ್ಲೇ ಇದ್ದವರು 365 ದಿನವನ್ನು ಹೇಗೂ ದಾಟಿರುತ್ತಾರೆ, ಹಾಗಾಗಿ ಅವರಿಗೆ ಉಳಿಯುವುದು 60 ದಿನದ ಗಡಿ. ಹೊರದೇಶದಲ್ಲಿ ಉದ್ಯೋಗಕ್ಕೆಂದು ಹೊರಡುವ ಭಾರತೀಯ ಪ್ರಜೆಗೆ ಮಾತ್ರ ಹೊರಡುವ ವರ್ಷದಲ್ಲಿ ಈ 60ರ ಬದಲು 182 ದಿನದ ರಿಯಾಯಿತಿ ಇದೆ.

ತಾರೀಕಿಗೆ ಇಳಿಸಿ ನೋಡಿ. ಉದ್ಯೋಗಕ್ಕೆ ಹೋಗುವವರು ಸೆಪ್ಟೆಂಬರ್ 28ರಂದು ವಿಮಾನ ಹತ್ತಿದರೆ ಏಪ್ರಿಲ್ 1ರಿಂದ ಎಣಿಸಿದಾಗ 181 ದಿನ, ಅನಿವಾಸಿ. ಮರುದಿನ ಹತ್ತಿದರೆ 182, ಇಡೀ ವರ್ಷ ನಿವಾಸಿ. ಉದ್ಯೋಗವಿಲ್ಲದೆ, ನಿವೃತ್ತಿಯ ನಂತರ ನೆಲೆಸಲು ಹೋಗುವವರು ಮೇ 29ರೊಳಗೆ ಹೊರಡಬೇಕು, ಏಕೆಂದರೆ ಮೇ 30ಕ್ಕೆ 60 ದಿನ ತುಂಬುತ್ತದೆ. ಹೊರಟ ದಿನವನ್ನೂ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ನನ್ನ ಬಳಿಗೆ ಬಂದಿದ್ದ ನಿವೃತ್ತ ದಂಪತಿ, ಮನೆಯಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ಜೂನ್ ಮೊದಲ ವಾರ ಹೊರಟಿದ್ದರು. ಆ ವರ್ಷ ಪೂರ್ತಿ ತಾವು ಅನಿವಾಸಿ ಎಂದೇ ನಂಬಿ, ಹೊರದೇಶದ ಬಡ್ಡಿಯನ್ನು ರಿಟರ್ನ್‌ನಲ್ಲಿ ತೋರಿಸಿರಲಿಲ್ಲ. ಅದನ್ನು ಸರಿಪಡಿಸುವಷ್ಟರಲ್ಲಿ ಅವರು ಪಟ್ಟ ಆತಂಕವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊರಡುವ ಮುನ್ನ ಒಂದು ಸಲ ಕ್ಯಾಲೆಂಡರ್ ಮುಂದೆ ಕುಳಿತಿದ್ದರೆ ಅದು ತಪ್ಪುತ್ತಿತ್ತು.

ಹೋದ ನಂತರ ಊರಿಗೆ ಬರುವ ದಿನಗಳಿಗೂ ಎಣಿಕೆ ಇದೆ. ಹೊರಗೆ ನೆಲೆಸಿದ ಭಾರತೀಯ ಪ್ರಜೆ ಭೇಟಿಗೆ ಬಂದು 182 ದಿನ ಮುಟ್ಟದಿದ್ದರೆ ಸಾಮಾನ್ಯವಾಗಿ ಅನಿವಾಸಿಯಾಗಿಯೇ ಉಳಿಯುತ್ತಾರೆ. ಆದರೆ ಭಾರತದ ಮೂಲದ ಆದಾಯ 15 ಲಕ್ಷ ರೂಪಾಯಿ ದಾಟಿದರೆ ಆ ಮಿತಿ 120 ದಿನಕ್ಕೆ ಇಳಿಯುತ್ತದೆ. ಅದೇ 15 ಲಕ್ಷ ದಾಟಿದ ಪ್ರಜೆ ಜಗತ್ತಿನ ಯಾವ ದೇಶದಲ್ಲೂ ತೆರಿಗೆಗೆ ಬದ್ಧನಾಗಿಲ್ಲದಿದ್ದರೆ, ಒಂದು ದಿನವೂ ಇಲ್ಲಿಗೆ ಬರದಿದ್ದರೂ ಅವನನ್ನು ನಿವಾಸಿ ಎಂದೇ ಭಾವಿಸುವ ನಿಯಮ 2020-21ರ ಆರ್ಥಿಕ ವರ್ಷದಿಂದ ಇದೆ.

ಹಾಗಾದರೆ ಮಾರಿಷಸ್‌ನಲ್ಲಿ ನಾನು ಯಾವಾಗ ನಿವಾಸಿಯಾಗುತ್ತೇನೆ?

ಅಲ್ಲಿಯ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಆ ವರ್ಷದಲ್ಲಿ 183 ದಿನ ಇದ್ದರೆ, ಅಥವಾ ಆ ವರ್ಷ ಮತ್ತು ಹಿಂದಿನ ಎರಡು ವರ್ಷ ಸೇರಿ 270 ದಿನ ಇದ್ದರೆ ನಿವಾಸಿ. ಎರಡು ದೇಶಗಳ ವರ್ಷ ಹೊಂದದ ಕಾರಣ ಕೆಲವು ತಿಂಗಳು ಎರಡೂ ಕಡೆ ನಿವಾಸಿಯಾಗುವ ಸಂದರ್ಭ ಬರಬಹುದು. ಆಗ ಒಪ್ಪಂದ ನೋಡುವುದು ಕಾಯಂ ಮನೆ ಎಲ್ಲಿದೆ, ಸಂಸಾರ ಮತ್ತು ವ್ಯವಹಾರದ ನಂಟು ಎಲ್ಲಿ ಗಟ್ಟಿಯಾಗಿದೆ ಎಂಬುದನ್ನು. ಹೆಂಡತಿ ಮಕ್ಕಳು ತುಮಕೂರಿನಲ್ಲೇ ಇದ್ದು, ತಾವೊಬ್ಬರೇ ದ್ವೀಪದಲ್ಲಿ ಕೋಣೆ ಹಿಡಿದವರಿಗೆ ಈ ಪರೀಕ್ಷೆ ಕಷ್ಟ. ಅಲ್ಲಿಯ ಕಂದಾಯ ಪ್ರಾಧಿಕಾರ ಕೊಡುವ ತೆರಿಗೆ ನಿವಾಸ ಪ್ರಮಾಣಪತ್ರವನ್ನು ಪ್ರತಿ ವರ್ಷ ಪಡೆದಿಡಿ. ಅದಿಲ್ಲದೆ ಒಪ್ಪಂದದ ಲಾಭವನ್ನು ಇಲ್ಲಿ ಕೇಳಲಾಗದು.

ಅನಿವಾಸಿಯಾದರೆ ಇಲ್ಲಿಯ ತೆರಿಗೆ ಕಡಿಮೆಯಾಗುತ್ತದೆ ಅಲ್ಲವೇ?

ಹೊರದೇಶದ ಆದಾಯದ ಮಟ್ಟಿಗೆ ಹೌದು, ಅದು ಭಾರತದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಗಳಿಕೆ ಬಹುಪಾಲು ಇಲ್ಲಿಂದಲೇ ಬರುವ ಸಂಸಾರಗಳಿಗೆ ತೆರಿಗೆ ಹೆಚ್ಚಾಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ, 2025-26ರಿಂದ, 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳದಂತೆ ಮಾಡುವ ರಿಬೇಟ್ ಇದೆಯಷ್ಟೆ. ಅದು ನಿವಾಸಿಗಳಿಗೆ ಮಾತ್ರ. ಅಂಗಡಿ ಬಾಡಿಗೆ ಮತ್ತು ಠೇವಣಿ ಬಡ್ಡಿ ಸೇರಿ, ಕಡಿತಗಳೆಲ್ಲ ಕಳೆದು, 9 ಲಕ್ಷ ಆದಾಯವಿರುವ ಒಬ್ಬರು ತುಮಕೂರಿನಲ್ಲೇ ಇದ್ದರೆ ಕಟ್ಟಬೇಕಾದ ತೆರಿಗೆ ಸೊನ್ನೆ. ಅವರೇ ಅನಿವಾಸಿಯಾದರೆ 4 ಲಕ್ಷದಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ. 5ರಂತೆ 20,000, ಉಳಿದ 1 ಲಕ್ಷಕ್ಕೆ ಶೇ. 10ರಂತೆ 10,000, ಅದರ ಮೇಲೆ ಶೇ. 4 ಸೆಸ್ ಸೇರಿ 31,200 ರೂಪಾಯಿ ಕಟ್ಟಬೇಕು. ತೆರಿಗೆ ಉಳಿಸಲು ದೇಶ ಬಿಡುವ ನಿವೃತ್ತರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ತೋರಿಸಿದಾಗ ಹಲವರು ಸುಮ್ಮನೆ ಕುಳಿತುಬಿಡುತ್ತಾರೆ. ಹಳೆಯ ಪದ್ಧತಿಯಲ್ಲಿ ಹಿರಿಯ ನಾಗರಿಕರಿಗಿರುವ ಹೆಚ್ಚಿನ ವಿನಾಯಿತಿ ಮಿತಿಯೂ ಅನಿವಾಸಿಗೆ ದಕ್ಕುವುದಿಲ್ಲ. ಸಹಜ್ ಎಂಬ ಸರಳ ನಮೂನೆಯಲ್ಲಿ ರಿಟರ್ನ್ ಸಲ್ಲಿಸುವ ಅನುಕೂಲವೂ ಇಲ್ಲ.

ತೋಟದ ಆದಾಯ ಮತ್ತು ಪಾವಗಡದ ಸೋಲಾರ್ ಗುತ್ತಿಗೆ ಹಣಕ್ಕೆ ಏನು ನಿಯಮ?

ಭಾರತದ ನೆಲದಲ್ಲಿ ಬೆಳೆದ ತೆಂಗು, ಅಡಿಕೆ, ರಾಗಿ, ಶೇಂಗಾ ಮಾರಿದ ಕೃಷಿ ಆದಾಯಕ್ಕೆ, ಮಾಲೀಕ ಅನಿವಾಸಿಯಾದರೂ, ಕೇಂದ್ರದ ಆದಾಯ ತೆರಿಗೆ ಇಲ್ಲ. ಬೇರೆ ಆದಾಯವೂ ಇದ್ದಾಗ ಆ ಬೇರೆ ಆದಾಯಕ್ಕೆ ಯಾವ ದರ ಬೀಳಬೇಕು ಎಂದು ಗೊತ್ತುಮಾಡಲು ಮಾತ್ರ ಕೃಷಿ ಆದಾಯವನ್ನು ಕೂಡಿಸಿ ನೋಡುತ್ತಾರೆ. ಆ ಹಣವನ್ನು ಮಾರಿಷಸ್‌ಗೆ ತರಿಸಿಕೊಂಡರೆ ಮಾತ್ರ ಅಲ್ಲಿಯ ನಿಯಮ ಬೇರೆ. ಇಲ್ಲಿ ವಿನಾಯಿತಿ ಇದೆ ಎಂಬ ಕಾರಣಕ್ಕೆ ಅಲ್ಲಿ ತಾನಾಗಿಯೇ ವಿನಾಯಿತಿ ಸಿಗುವುದಿಲ್ಲ.

ಸೋಲಾರ್ ಗುತ್ತಿಗೆ ಕೃಷಿ ಆದಾಯವಲ್ಲ. ಪಾವಗಡದ ಸೌರ ವಿದ್ಯುತ್ ಪಾರ್ಕಿಗೆ ಜಮೀನು ಕೊಟ್ಟ ರೈತರಿಗೆ ಎಕರೆ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಬರುವ ಹಣ, ಪಹಣಿಯಲ್ಲಿ ಜಮೀನು ಏನೆಂದೇ ನಮೂದಾಗಿರಲಿ, ಉಳುಮೆಯಿಂದ ಬಂದದ್ದಲ್ಲ. ಆದ್ದರಿಂದ ತೆರಿಗೆಗೆ ಒಳಪಟ್ಟದ್ದು. ನಿವಾಸಿಯಾಗಿದ್ದಾಗ ರಿಬೇಟ್ ಕಾರಣ ತೆರಿಗೆ ಬೀಳದೆ ಇದ್ದದ್ದು, ಅನಿವಾಸಿಯಾದ ವರ್ಷದಿಂದ ಬೀಳತೊಡಗಬಹುದು. ನಮ್ಮ ನೆರೆಯ ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ರೇಷ್ಮೆ ಮತ್ತು ಹಾಲಿನ ಬಗ್ಗೆ ಕೇಳುತ್ತಾರೆ. ಹಿಪ್ಪುನೇರಳೆ ಸೊಪ್ಪು ಕೃಷಿ, ಆದರೆ ಗೂಡು ಮಾರಿದ ಹಣ ಕೃಷಿ ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪೇ ಇದೆ. ಡೇರಿಗೆ ಹಾಕಿದ ಹಾಲಿನ ಹಣವೂ ಕೃಷಿ ಆದಾಯವಲ್ಲ.

ಹೋಗುವ ಮುನ್ನ ಜಮೀನು ಮಾರಲೇಬೇಕೇ? ಅಲ್ಲಿಂದ ಮುಂದೆ ಕೊಳ್ಳಬಹುದೇ?

ಮಾರಬೇಕಿಲ್ಲ. ನಿವಾಸಿಯಾಗಿದ್ದಾಗ ಕೊಂಡ ಅಥವಾ ಹಿರಿಯರಿಂದ ಬಂದ ಕೃಷಿ ಜಮೀನನ್ನು ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ, ಅಂದರೆ ಫೆಮಾ, ಅವಕಾಶ ಕೊಡುತ್ತದೆ. ಆದರೆ ಅನಿವಾಸಿಯಾದ ಮೇಲೆ ಕೃಷಿ ಜಮೀನು, ಪ್ಲಾಂಟೇಷನ್ ಅಥವಾ ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ಮನೆ ಮತ್ತು ಸೈಟ್ ಕೊಳ್ಳಬಹುದು. ಇಲ್ಲಿ ಒಂದು ಗೊಂದಲ ಬಹಳ ವ್ಯಾಪಕವಾಗಿದೆ: 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾದ ಮೇಲೆ, ಅನಿವಾಸಿಗಳಿಗೂ ಬಾಗಿಲು ತೆರೆಯಿತು ಎಂದು ಜನ ತಿಳಿದಿದ್ದಾರೆ. ರಾಜ್ಯದ ಕಾಯಿದೆ ಸಡಿಲವಾದರೂ ಕೇಂದ್ರದ ಫೆಮಾ ನಿರ್ಬಂಧ ಹಾಗೆಯೇ ಇದೆ. ಕೃಷಿ ಜಮೀನನ್ನು ಮುಂದೆ ಮಾರಬೇಕಾದರೂ ಭಾರತದಲ್ಲೇ ವಾಸಿಸುವ ಭಾರತೀಯ ಪ್ರಜೆಗೆ ಮಾತ್ರ ಮಾರಬೇಕು.

ಹೊರಡುವ ಮುನ್ನ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ಅಜ್ಜನ ಹೆಸರಿನಲ್ಲೇ ಇರುವ ಪಹಣಿಯನ್ನು ಹಾಗೇ ಬಿಟ್ಟು ಹೋದವರು, ನಂತರ ಅಣ್ಣತಮ್ಮಂದಿರ ವಿಭಾಗಕ್ಕಾಗಿ ಪ್ರತಿ ಸಲ ವಿಮಾನ ಹತ್ತಿ ತಾಲ್ಲೂಕು ಕಚೇರಿಗೆ ಬರುವುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ.

ಸೈಟ್ ಅಥವಾ ಮನೆಯನ್ನು ಮಾರುವುದಾದರೆ ಹೋಗುವ ಮುನ್ನವೋ, ಹೋದ ಮೇಲೋ?

ಲೆಕ್ಕ ಹಾಕಿ ತೀರ್ಮಾನಿಸಬೇಕು. 2024ರ ಜುಲೈ 23ರಿಂದ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಸ್ಥಿರಾಸ್ತಿಯ ಲಾಭಕ್ಕೆ ಶೇ. 12.5 ತೆರಿಗೆ. ಆ ದಿನಕ್ಕೂ ಮುಂಚೆ ಕೊಂಡ ಆಸ್ತಿಯಾದರೆ, ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿಕೊಂಡು ಶೇ. 20ರ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದದ್ದನ್ನು ಕಟ್ಟುವ ಅವಕಾಶ ನಿವಾಸಿ ವ್ಯಕ್ತಿಗಳಿಗೆ ಇದೆ, ಅನಿವಾಸಿಗಳಿಗೆ ಇಲ್ಲ. 2005-06ರಲ್ಲಿ 5 ಲಕ್ಷಕ್ಕೆ ಕೊಂಡ ಸೈಟನ್ನು 2025-26ರಲ್ಲಿ 25 ಲಕ್ಷಕ್ಕೆ ಮಾರಿದರೆಂದುಕೊಳ್ಳಿ. ಬೆಲೆ ಸೂಚ್ಯಂಕ 117ರಿಂದ 376ಕ್ಕೆ ಏರಿರುವುದರಿಂದ ಕೊಂಡ ಬೆಲೆ ಸುಮಾರು 16.07 ಲಕ್ಷವಾಗಿ, ನಿವಾಸಿಯ ತೆರಿಗೆ ಸುಮಾರು 1.79 ಲಕ್ಷ, ಅನಿವಾಸಿಯ ತೆರಿಗೆ 2.5 ಲಕ್ಷ, ಸೆಸ್ ಬೇರೆ. ಅದೇ ಸೈಟ್ 40 ಲಕ್ಷಕ್ಕೆ ಹೋದರೆ ಶೇ. 12.5ರ ಲೆಕ್ಕವೇ ಇಬ್ಬರಿಗೂ ಅಗ್ಗವಾಗಿ ವ್ಯತ್ಯಾಸ ಅಳಿಯುತ್ತದೆ. ಅಂದರೆ ಬೆಲೆ ನಿಧಾನವಾಗಿ ಏರಿದ ಬಡಾವಣೆಯ ಸೈಟನ್ನು ಹೋಗುವ ಮುನ್ನ ಮಾರುವುದು ಲಾಭ, ಹೆದ್ದಾರಿ ಪಕ್ಕದಲ್ಲಿದ್ದು ಬೆಲೆ ಹಾರಿದ ಸೈಟಿಗೆ ಅವಸರವಿಲ್ಲ.

ಇನ್ನೊಂದು ತೊಡಕು ಕೊಳ್ಳುವವರ ಕಡೆಯದು. ನಿವಾಸಿಯಿಂದ 50 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಬೆಲೆಯ ಆಸ್ತಿ ಕೊಂಡರೆ ಶೇ. 1ರಷ್ಟು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಡಿತ ಮಾಡುವ ತೆರಿಗೆ, ಹಿಡಿದರೆ ಸಾಕು. ಅನಿವಾಸಿಯಿಂದ ಕೊಂಡರೆ ಅಂಥ ಕನಿಷ್ಠ ಮಿತಿ ಇಲ್ಲ, ದರವೂ ಬಂಡವಾಳ ಲಾಭದ ದರ. ಲಾಭ ಎಷ್ಟೆಂದು ತಿಳಿಯದ ಖರೀದಿದಾರರು ಹೆದರಿ ಪೂರ್ತಿ ಬೆಲೆಯ ಮೇಲೆ ಹಿಡಿಯುತ್ತಾರೆ, ಆ ಹಣ ವಾಪಸ್ ಬರಲು ರಿಟರ್ನ್ ಹಾಕಿ ಕಾಯಬೇಕು. ಕ್ರಯದ ಮಾತುಕತೆಗೆ ಕುಳಿತಾಗಲೇ ಕಡಿಮೆ ಟಿಡಿಎಸ್ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿದರೆ ಈ ತೊಂದರೆ ತಪ್ಪುತ್ತದೆ.

ಮನೆಯನ್ನು ಬಾಡಿಗೆಗೆ ಕೊಟ್ಟು ಹೋದರೆ?

ನಿಮ್ಮ ಬಾಡಿಗೆದಾರರು ಪ್ರತಿ ತಿಂಗಳು ಸೆಸ್ ಸೇರಿ ಶೇ. 31.2ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಬಾಡಿಗೆ ಎಷ್ಟೇ ಚಿಕ್ಕದಿದ್ದರೂ. ಇದು ಗೊತ್ತಿಲ್ಲದ ಬಾಡಿಗೆದಾರರ ಮೇಲೆ ಹೊಣೆ ಬೀಳುವುದು ಅನ್ಯಾಯ, ಆದ್ದರಿಂದ ಕರಾರಿನಲ್ಲೇ ನೀವು ಅನಿವಾಸಿ ಎಂದು ಬರೆದು ತಿಳಿಸಿ. ಹೆಚ್ಚಾಗಿ ಹಿಡಿದದ್ದು ರಿಟರ್ನ್ ಸಲ್ಲಿಸಿದಾಗ ವಾಪಸ್ ಬರುತ್ತದೆ.

ಬ್ಯಾಂಕ್ ಖಾತೆ, ಪಿಪಿಎಫ್, ಸುಕನ್ಯಾ ಸಮೃದ್ಧಿ ಏನಾಗುತ್ತವೆ?

ಆದಾಯ ತೆರಿಗೆಯ ಅನಿವಾಸಿ ಬೇರೆ, ಫೆಮಾದ ಅನಿವಾಸಿ ಬೇರೆ. ಉದ್ಯೋಗ, ವ್ಯವಹಾರ ಅಥವಾ ಅನಿಶ್ಚಿತ ಕಾಲ ನೆಲೆಸುವ ಉದ್ದೇಶದಿಂದ ಹೊರಟರೆ ಫೆಮಾ ಪ್ರಕಾರ ಹೊರಟ ದಿನದಿಂದಲೇ ಅನಿವಾಸಿ. ಆದ್ದರಿಂದ ಸಾಮಾನ್ಯ ಉಳಿತಾಯ ಖಾತೆಯನ್ನು, ಅನಿವಾಸಿಗಳು ಭಾರತದ ಗಳಿಕೆ ಇಡುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು, ಹೊರದೇಶದ ಗಳಿಕೆಗೆ ಎನ್‌ಆರ್‌ಇ ಖಾತೆ ತೆರೆಯಬಹುದು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಇದೆ. ಬ್ಯಾಂಕಿಗೆ ತಿಳಿಸದೆ ಹಳೆಯ ಖಾತೆಯನ್ನೇ ನಡೆಸುತ್ತಾ ಹೋಗುವುದು ಉಲ್ಲಂಘನೆ. ಫೆಮಾದಲ್ಲಿ ದಂಡ ಸಂಬಂಧಪಟ್ಟ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಈಗಾಗಲೇ ಇರುವ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಅವಧಿ ವಿಸ್ತರಿಸುವಂತಿಲ್ಲ, ಹೊಸದನ್ನು ತೆರೆಯುವಂತಿಲ್ಲ. ಮಗಳು ಅನಿವಾಸಿಯಾದರೆ ಸುಕನ್ಯಾ ಸಮೃದ್ಧಿ ಖಾತೆಯನ್ನು ಮುಚ್ಚಬೇಕು.

ಎಷ್ಟು ಹಣ ಕೊಂಡೊಯ್ಯಬಹುದು?

ನಿವಾಸಿಯಾಗಿರುವಾಗ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ, ಶಿಕ್ಷಣ, ಚಿಕಿತ್ಸೆ ಮತ್ತು ಪ್ರವಾಸ ಪ್ಯಾಕೇಜಿನಂಥ ಉದ್ದೇಶಗಳನ್ನು ಬಿಟ್ಟರೆ, ಬ್ಯಾಂಕ್ ಶೇ. 20ರಷ್ಟು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಪಡೆಯುವ ತೆರಿಗೆ, ವಸೂಲಿ ಮಾಡುತ್ತದೆ. ಅದು ನಿಮ್ಮ ಹೆಸರಿಗೇ ಜಮೆಯಾಗಿ ರಿಟರ್ನ್‌ನಲ್ಲಿ ಹೊಂದಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಕೈಯಲ್ಲಿ ಹಣವಿರುವುದಿಲ್ಲ. ಅನಿವಾಸಿಯಾದ ಮೇಲೆ ಎನ್‌ಆರ್‌ಒ ಖಾತೆಯಿಂದ, ತೆರಿಗೆ ಕಟ್ಟಿದ ದಾಖಲೆಯೊಂದಿಗೆ, ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಿಕೊಳ್ಳಬಹುದು. ಮನೆ ಮಾರಿದ ದೊಡ್ಡ ಮೊತ್ತಕ್ಕೆ ಎರಡನೆಯ ದಾರಿಯೇ ಸುಗಮ ಎಂಬುದು ನನ್ನ ಅನುಭವ.

ಅಲ್ಲಿ ಇರಲು ಯಾವ ಅನುಮತಿ ಬೇಕು?

ಮಾರಿಷಸ್‌ನ ಆರ್ಥಿಕ ಅಭಿವೃದ್ಧಿ ಮಂಡಳಿ ಈ ಅನುಮತಿಗಳ ಉಸ್ತುವಾರಿ ನೋಡಿಕೊಳ್ಳುತ್ತದೆ. ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗಾಗಿ 2020ರಲ್ಲಿ ಪ್ರೀಮಿಯಂ ವೀಸಾ ಆರಂಭವಾಯಿತು. ಆಗ ಇಟ್ಟ ಷರತ್ತುಗಳು: ತಿಂಗಳಿಗೆ ಕನಿಷ್ಠ 1,500 ಡಾಲರ್ ಆದಾಯ, ಆ ಆದಾಯದ ಮೂಲ ಮಾರಿಷಸ್ ಹೊರಗೆ ಇರಬೇಕು, ಅಲ್ಲಿಯ ಉದ್ಯೋಗ ಮಾರುಕಟ್ಟೆಗೆ ಇಳಿಯಬಾರದು, ಆರೋಗ್ಯ ವಿಮೆ ಇರಬೇಕು. ಅಲ್ಲೇ ನೌಕರಿ ಅಥವಾ ವ್ಯವಹಾರ ಮಾಡುವವರಿಗೆ ಆಕ್ಯುಪೇಷನ್ ಪರ್ಮಿಟ್, 50 ದಾಟಿದ ನಿವೃತ್ತರಿಗೆ ಪ್ರತ್ಯೇಕ ನಿವಾಸ ಪರ್ಮಿಟ್ ಇದೆ. ವಿದೇಶಿಯರಿಗೆಂದು ಅನುಮೋದಿಸಿದ ಯೋಜನೆಗಳಲ್ಲಿ ಕನಿಷ್ಠ 3,75,000 ಡಾಲರ್ ಮೌಲ್ಯದ ಮನೆ ಕೊಂಡರೆ ನಿವಾಸದ ಹಕ್ಕು ಸಿಗುವ ಕ್ರಮವೂ ಇದೆ. ಆದರೆ ಹೋದ ಮೊದಲ ವರ್ಷವೇ ಮನೆ ಕೊಳ್ಳಲು ಹೊರಡುವವರನ್ನು ನಾನು ತಡೆಯುತ್ತೇನೆ. ಅರ್ಜಿ ಹಾಕುವ ದಿನ ಮಂಡಳಿಯ ಪ್ರಕಟಣೆಯನ್ನೇ ಓದಿ ಮೊತ್ತ ಖಚಿತಪಡಿಸಿಕೊಳ್ಳಿ, ಏಕೆಂದರೆ ಆ ದೇಶದ ಪ್ರತಿ ಬಜೆಟ್‌ನಲ್ಲಿ ಇವು ಬದಲಾಗಬಹುದು.

ನೌಕರಿ ಕೊಡಿಸುತ್ತೇವೆ ಎನ್ನುವ ಏಜೆಂಟರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಾಯಿತರೇ ಎಂದು ನೋಡಿ. ನೋಂದಾಯಿತ ಏಜೆಂಟ್ ಕೂಡ ಸೇವಾ ಶುಲ್ಕವಾಗಿ ಪಡೆಯಬಹುದಾದದ್ದು ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಮುಂಗಡ ಕೇಳಿದರೆ ಎದ್ದು ಬನ್ನಿ.

ಬೆಂಗಳೂರಿನ ಕಂಪನಿಗೆ ಅಲ್ಲಿಂದಲೇ ಕೆಲಸ ಮಾಡಿದರೆ ಸಂಬಳಕ್ಕೆ ಎಲ್ಲಿ ತೆರಿಗೆ?

ಅನಿವಾಸಿಯಾಗಿ ಭಾರತದ ಹೊರಗೆ ಕುಳಿತು ಮಾಡಿದ ಕೆಲಸದ ಸಂಬಳ ಭಾರತದಲ್ಲಿ ಹುಟ್ಟಿದ್ದಲ್ಲ. ಆದರೆ ಅದು ಮೊದಲು ಜಮೆಯಾಗುವುದು ತುಮಕೂರಿನ ಖಾತೆಗಾದರೆ, ಭಾರತದಲ್ಲಿ ಸ್ವೀಕರಿಸಿದ ಆದಾಯ ಎಂಬ ಕಾರಣಕ್ಕೆ ಇಲ್ಲಿ ತೆರಿಗೆಗೆ ಸೇರುತ್ತದೆ. ಆಗ ಒಪ್ಪಂದದ ಆಸರೆ ಬೇಕು, ಅದಕ್ಕೆ ಮೇಲೆ ಹೇಳಿದ ನಿವಾಸ ಪ್ರಮಾಣಪತ್ರ ಬೇಕು. ಪ್ರೀಮಿಯಂ ವೀಸಾದಲ್ಲಿರುವವರಿಗೆ ಮಾರಿಷಸ್‌ಗೆ ತರಿಸಿಕೊಂಡ ಭಾಗಕ್ಕೆ ಮಾತ್ರ ಅಲ್ಲಿ ತೆರಿಗೆ. ಕಂಪನಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯದೆ, ಯಾರಿಗೂ ಹೇಳದೆ ದ್ವೀಪದಿಂದ ಲಾಗಿನ್ ಆಗುವುದು ಮಾತ್ರ ಬೇಡ. ಉದ್ಯೋಗಿ ಕುಳಿತ ದೇಶದ ಕಾನೂನು ಕಂಪನಿಗೂ ಹೊಣೆ ತರಬಹುದು. ಸಮಯದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ, ಅವರ ಗಡಿಯಾರ ನಮಗಿಂತ ಹಿಂದೆ.

ಯಾವ ಕಾಗದಪತ್ರ ಸಿದ್ಧಮಾಡಿಕೊಳ್ಳಬೇಕು?

ಜನನ, ವಿವಾಹ ಮತ್ತು ಶಿಕ್ಷಣದ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಮಾನ್ಯವಾಗುವ ದೃಢೀಕರಣದ ಮುದ್ರೆ, ಪಾಸ್‌ಪೋರ್ಟ್ ಸೇವೆಯ ಮೂಲಕ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ. ಪಾಸ್‌ಪೋರ್ಟ್, ಆಧಾರ್, ಪ್ಯಾನ್ ಮತ್ತು ಪಹಣಿಯಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮ ಕಡೆ ಸಾಮಾನ್ಯ, ಅದನ್ನು ಸರಿಪಡಿಸಲು ಹೊರಗಿನಿಂದ ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ. ಅಧಿಕಾರ ಪತ್ರ, ಅಂದರೆ ಜಿಪಿಎ, ಬೇಕಿದ್ದರೆ ಹೋಗುವ ಮುನ್ನ ಇಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ, ನೀಡುವ ಅಧಿಕಾರವನ್ನು ಸ್ಪಷ್ಟವಾಗಿ ಮಿತಿಗೊಳಿಸಿ. ಹೊರಗಿನಿಂದ ಕಳಿಸಿದ ಅಧಿಕಾರ ಪತ್ರಕ್ಕೆ ಅದು ಇಲ್ಲಿ ಕೈಸೇರಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು, ಗಡುವು ಮೀರಿದರೆ ತೊಂದರೆ.

ಅಲ್ಲಿಯ ಬದುಕು ನಮಗೆ ಹೊಂದುತ್ತದೆಯೇ?

ಇಡೀ ದೇಶದ ವಿಸ್ತೀರ್ಣ ಸುಮಾರು 2,040 ಚದರ ಕಿಲೋಮೀಟರ್; ನಮ್ಮ ಜಿಲ್ಲೆಯೊಂದೇ 10,597. ಜನಸಂಖ್ಯೆ 12 ಲಕ್ಷಕ್ಕೂ ಸ್ವಲ್ಪ ಹೆಚ್ಚು. 1834ರಿಂದ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಕರೆದೊಯ್ಯಲ್ಪಟ್ಟ ಭಾರತೀಯರ ವಂಶಸ್ಥರೇ ಅಲ್ಲಿ ಬಹುಸಂಖ್ಯಾತರು. ಮಹಾಶಿವರಾತ್ರಿ, ದೀಪಾವಳಿಗಳ ಜೊತೆಗೆ ಯುಗಾದಿಗೂ ಅಲ್ಲಿ ಸರ್ಕಾರಿ ರಜೆ ಇದೆ ಎಂದಾಗ ನಮ್ಮ ಕಡೆಯ ಹಿರಿಯರ ಮುಖ ಅರಳುವುದನ್ನು ನೋಡಿದ್ದೇನೆ. ಮನೆಮಾತು ಹೆಚ್ಚಾಗಿ ಕ್ರಿಯೋಲ್, ಕಚೇರಿಯಲ್ಲಿ ಇಂಗ್ಲಿಷ್, ಪತ್ರಿಕೆಯಲ್ಲಿ ಫ್ರೆಂಚ್. ಮಕ್ಕಳು ಬೇಗ ಕಲಿಯುತ್ತಾರೆ, ದೊಡ್ಡವರಿಗೆ ಮೊದಲ ವರ್ಷ ಒಂಟಿತನ ಕಾಡುತ್ತದೆ. ವಾಹನ ನಮ್ಮಂತೆ ಎಡಕ್ಕೇ ಓಡುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಎಚ್ಚರಿಕೆಗೆ 1ರಿಂದ 4ರವರೆಗೆ ಹಂತಗಳಿದ್ದು, 3ನೇ ಹಂತಕ್ಕೆ ಜನಜೀವನವೇ ನಿಲ್ಲುತ್ತದೆ. ದೇವರಾಯನದುರ್ಗದ ತಂಪುಗಾಳಿ ಕಂಡವರಿಗೆ ಕಡಲ ಗಾಳಿಯ ಅಬ್ಬರ ಹೊಸದು.

ಮತದಾನದ ಹಕ್ಕು, ಪಿಎಂ ಕಿಸಾನ್ ಹಣ ಉಳಿಯುತ್ತವೆಯೇ?

ಭಾರತೀಯ ಪೌರತ್ವ ಉಳಿಸಿಕೊಂಡಿದ್ದರೆ ನಮೂನೆ 6ಎ ಸಲ್ಲಿಸಿ ಪಾಸ್‌ಪೋರ್ಟ್‌ನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಸಾಗರೋತ್ತರ ಮತದಾರರಾಗಬಹುದು, ಮತ ಹಾಕಲು ಖುದ್ದಾಗಿ ಬರಬೇಕು. ಪಿಎಂ ಕಿಸಾನ್ ಅನಿವಾಸಿಗಳಿಗೆ ಇಲ್ಲ. ಖಾತೆಗೆ ಕಂತು ಬರುತ್ತಲೇ ಇದ್ದರೆ ತಿಳಿಸಿ ನಿಲ್ಲಿಸಿ.

ಕೆಲವು ವರ್ಷಗಳ ನಂತರ ವಾಪಸ್ ಬಂದರೆ?

ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದದ್ದು ಒಟ್ಟು 729 ದಿನ ಮೀರದಿದ್ದರೆ, ಮರಳಿ ಬಂದ ಮೇಲೆ ಕೆಲಕಾಲ ನಿಮ್ಮದು ಸಾಮಾನ್ಯ ನಿವಾಸಿಯಲ್ಲದ ನಿವಾಸಿ ಎಂಬ ನಡುವಿನ ಸ್ಥಾನ. ಆ ಅವಧಿಯಲ್ಲಿ ಹೊರದೇಶದ ಬಡ್ಡಿ, ಬಾಡಿಗೆಗಳು ಇಲ್ಲಿಯ ತೆರಿಗೆಗೆ ಸೇರುವುದಿಲ್ಲ. ಇಲ್ಲಿಂದ ನಿಯಂತ್ರಿಸುವ ವ್ಯವಹಾರದ ಆದಾಯ ಸೇರುತ್ತದೆ. ಹೊರಗಿನ ಠೇವಣಿ, ಮನೆಗಳನ್ನು ವಿಲೇವಾರಿ ಮಾಡಲು ಅದೇ ಸರಿಯಾದ ಕಾಲ. ಸಾಮಾನ್ಯ ನಿವಾಸಿಯಾದ ವರ್ಷದಿಂದ ಹೊರದೇಶದ ಪ್ರತಿಯೊಂದು ಖಾತೆ ಮತ್ತು ಆಸ್ತಿಯನ್ನು ರಿಟರ್ನ್‌ನಲ್ಲಿ ನಮೂದಿಸಬೇಕು, ಬಿಟ್ಟರೆ 2015ರ ಕಪ್ಪುಹಣ ಕಾಯಿದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಎನ್‌ಆರ್‌ಒ ಖಾತೆಯನ್ನು ಮತ್ತೆ ಸಾಮಾನ್ಯ ಖಾತೆಯಾಗಿ ಬದಲಿಸಿಕೊಳ್ಳಿ. ಹೋದ ಮತ್ತು ಬಂದ ದಿನಗಳ ಮುದ್ರೆಯಿರುವ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ. ಹತ್ತು ವರ್ಷದ ದಿನಗಳನ್ನು ಎಣಿಸುವಾಗ ನಾನು ಮೊದಲು ಕೇಳುವುದು ಅದನ್ನೇ.